ಎಂಟು ವಾರ ಬಿಟ್ಟುಕೊಡಿ: ರಾಜ್ಯದ ಕುಲಪತಿಗಳಿಗೊಂದು ಬಹಿರಂಗ ಪತ್ರ

ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ,

ಗೌರವಪೂರ್ವಕ ವಂದನೆಗಳು.

ನಾನು ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹದಿನೇಳು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ನಮ್ಮ ಬಿಎಸ್ಸಿ ಮಕ್ಕಳ ಬೇಸಿಗೆಯ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕಿದೆ. ರಜೆಯ ವಿಷಯಕ್ಕೆ ಕುಲಪತಿಗಳಿಗೆ ಪತ್ರ ಯಾಕೆ ಅಂತ ಅನ್ನಿಸಬಹುದು. ಆದರೆ ಒಬ್ಬ ಹುಡುಗಿ ಗಣಿತದಲ್ಲಿ ಮುಂದೆ ಹೋಗುತ್ತಾಳೋ, ಡಿಗ್ರಿಗೇ ನಿಂತುಬಿಡುತ್ತಾಳೋ ಎಂಬುದು ಎಷ್ಟೋ ಸಲ ಆ ಎರಡು ತಿಂಗಳಲ್ಲೇ ತೀರ್ಮಾನವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೂರು ವರ್ಷದ ಹಿಂದಿನ ಮಾತು. ನಾಲ್ಕನೇ ಸೆಮಿಸ್ಟರಿನಲ್ಲಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎರಡು ತಿಂಗಳ ಬೇಸಿಗೆ ಪ್ರಾಜೆಕ್ಟಿಗೆ ಆಯ್ಕೆ ಆಯಿತು. ಗ್ರಾಫ್ ಥಿಯರಿಯ ವಿಷಯ. ಅವಳ ತಂದೆ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಹಮಾಲಿ. ನಮ್ಮ ಕಾಲೇಜಿನಿಂದ ಇಂಥ ಕಡೆಗೆ ಆಯ್ಕೆಯಾದವರಲ್ಲಿ ಅವಳೇ ಮೊದಲು. ಮೇ 20ಕ್ಕೆ ಹಾಜರಾಗಬೇಕಿತ್ತು. ಆಗಿನ ವೇಳಾಪಟ್ಟಿಯ ಪ್ರಕಾರ ಪರೀಕ್ಷೆ ಮೇ 12ಕ್ಕೆ ಮುಗಿಯುತ್ತಿತ್ತು. ಟಿಕೆಟ್ ಮಾಡಿಸಿದೆವು. ಆಮೇಲೆ ಒಂದು ಸುತ್ತೋಲೆ ಬಂತು. ಪರೀಕ್ಷೆ ಜೂನ್ ಮೊದಲ ವಾರಕ್ಕೆ ಹೋಯಿತು. ಅವಳು ಗೈಡ್‌ಗೆ ಮೇಲ್ ಬರೆದಳು. ಅವರು ತುಂಬ ಒಳ್ಳೆಯವರು. ಪರವಾಗಿಲ್ಲ, ಪರೀಕ್ಷೆ ಮುಗಿಸಿಕೊಂಡೇ ಬಾ ಎಂದರು. ಮತ್ತೊಂದು ಸುತ್ತೋಲೆ ಬಂತು. ಪರೀಕ್ಷೆ ಜೂನ್ ಕೊನೆಗೆ ಹೋಯಿತು, ಪ್ರಾಕ್ಟಿಕಲ್ ಜುಲೈಗೆ. ಅಷ್ಟರಲ್ಲಿ ಪ್ರಾಜೆಕ್ಟೇ ಮುಗಿದುಹೋಗುತ್ತಿತ್ತು.

"ಮೇಡಂ, ಈಗ ಏನ್ ಮಾಡ್ಲಿರಿ?" ಅಂತ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪರೀಕ್ಷಾ ವಿಭಾಗಕ್ಕೆ ಆಯ್ಕೆ ಪತ್ರದ ಪ್ರತಿ ಲಗತ್ತಿಸಿ ಎರಡು ಸಲ ಬರೆದೆ. ಫೋನಿನಲ್ಲಿ ಕೇಳಿದಾಗ "ಒಬ್ಬರಿಗೋಸ್ಕರ ಬೇರೆ ಪರೀಕ್ಷೆ ಮಾಡೋಕೆ ಆಗಲ್ಲ" ಎಂದರು. ಅವರ ಕಷ್ಟವೂ ನನಗೆ ಗೊತ್ತು. ಸಾವಿರಾರು ಮಕ್ಕಳ ಪರೀಕ್ಷೆ ನಡೆಸುವುದು ಸುಲಭವಲ್ಲ. ಆದರೆ ಆ ಸೀಟು ಬಿಟ್ಟುಕೊಡುತ್ತೇನೆ ಎಂಬ ಮೇಲನ್ನು ಅವಳು ನನ್ನ ಎದುರಿಗೇ, ನನ್ನ ಕಂಪ್ಯೂಟರಿನಲ್ಲೇ ಟೈಪ್ ಮಾಡಿದಳು. ಐದು ಸಾಲಿನ ಮೇಲು. ಅರ್ಧ ಗಂಟೆ ಹಿಡಿಯಿತು.

ಅವಳು ಡಿಗ್ರಿಯಲ್ಲಿ ಒಳ್ಳೆಯ ಅಂಕ ತೆಗೆದಳು. ಎಂಎಸ್ಸಿಗೆ ಹೋಗಲಿಲ್ಲ, ಬಿ.ಎಡ್. ಮಾಡುತ್ತಿದ್ದಾಳೆ. ಒಳ್ಳೆಯ ಟೀಚರ್ ಆಗುತ್ತಾಳೆ, ಅದರಲ್ಲಿ ಅನುಮಾನವಿಲ್ಲ. ಆದರೂ ಆ ಎರಡು ತಿಂಗಳು ಅವಳಿಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಒಂದು ಸಭೆಯಲ್ಲಿ ಈ ವಿಷಯ ಎತ್ತಿದಾಗ ಹಿರಿಯರೊಬ್ಬರು ಕೇಳಿದ್ದರು: "ಡಿಗ್ರಿ ಮಕ್ಕಳು ಗಣಿತದಲ್ಲಿ ಏನು ಸಂಶೋಧನೆ ಮಾಡ್ತಾರೆ? ಅದಕ್ಕೆ ಪಿಎಚ್‌ಡಿ ಬೇಕಲ್ವಾ?" ಅವರು ಹಗುರವಾಗಿ ಕೇಳಿದ್ದಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದ್ದರು. ನಿಮ್ಮಲ್ಲೂ ಕೆಲವರಿಗೆ ಈ ಪ್ರಶ್ನೆ ಇರಬಹುದು. ಹಾಗಾಗಿ ಹೋದ ವರ್ಷ ನಮ್ಮ ಕಾಲೇಜಿನಲ್ಲೇ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೊರಗೆ ಕಳಿಸಲು ಆಗುವುದಿಲ್ಲ ಎಂದಾದ ಮೇಲೆ, ಪರೀಕ್ಷೆಗಳ ನಡುವೆ ಸಿಕ್ಕ ಮೂರು ವಾರದಲ್ಲಿ ಆರು ಮಕ್ಕಳನ್ನು ಕೂರಿಸಿಕೊಂಡು ನಾವೇ ಒಂದು ಪ್ರಾಜೆಕ್ಟ್ ಮಾಡಿದೆವು. ಖರ್ಚು ಅಂದರೆ ಸೀಮೆಸುಣ್ಣ, ಚಹಾ. ದತ್ತಾತ್ರೇಯ ಕಾಪ್ರೇಕರ್ ಹೆಸರು ನೀವು ಕೇಳಿರುತ್ತೀರಿ. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಎಂಎಸ್ಸಿ ಕೂಡ ಓದಿದವರಲ್ಲ. ಅವರು 1949ರಲ್ಲಿ ಹೊರಗೆ ತಂದ ಸಂಗತಿ ಇದು. ನಾಲ್ಕು ಅಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೇ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆದು, ಅದರಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಬರೆದದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡಿ, ಮೂರೇ ಅಂಕಿ ಬಂದರೆ ಮುಂದೆ ಒಂದು ಸೊನ್ನೆ ಸೇರಿಸಿಕೊಳ್ಳಿ. ಹೆಚ್ಚೆಂದರೆ ಏಳು ಸಲಕ್ಕೆ 6174 ಬಂದು ನಿಲ್ಲುತ್ತದೆ.

ಒಬ್ಬ ಹುಡುಗ ತಾನು ಹುಟ್ಟಿದ ವರ್ಷ 2005ನ್ನೇ ಹಿಡಿದ. 5200ರಲ್ಲಿ 0025 ಕಳೆದರೆ 5175. ಆಮೇಲೆ 5994, 5355, 1998, 8082, 8532, ಕೊನೆಗೆ 6174. ಸರಿಯಾಗಿ ಏಳು ಹೆಜ್ಜೆ. ಇಡೀ ಕೋಣೆ ಅವರವರ ಹುಟ್ಟಿದ ವರ್ಷ, ಬೈಕ್ ನಂಬರ್ ಹಿಡಿದುಕೊಂಡು ಕೂತಿತು. ಇಲ್ಲಿವರೆಗೆ ಇದು ಆಟ. ಎರಡನೇ ದಿನ ಒಬ್ಬ ಹುಡುಗಿ ಎದ್ದು ನಿಂತಳು. "ಎಲ್ಲಾ ಸಂಖ್ಯೆಗೂ ಹಿಂಗೇ ಆಗ್ತದ ಅಂತ ಹೆಂಗ್ ಗೊತ್ತು ಮೇಡಂ? ಹತ್ತು ಸಾವಿರ ಲೆಕ್ಕ ಯಾರ್ ಮಾಡ್ತಾರ?"

ಅವತ್ತಿನಿಂದ ಸಂಶೋಧನೆ ಶುರುವಾಯಿತು ಎಂದು ನಾನು ಹೇಳುತ್ತೇನೆ. ಎರಡು ದಿನ ಬೋರ್ಡ್ ತುಂಬ ಗೀಚಿದರು. ಅಂಕಿಗಳಿಗೆ ದೊಡ್ಡದರಿಂದ ಚಿಕ್ಕದಕ್ಕೆ ಎ, ಬಿ, ಸಿ, ಡಿ ಎಂದು ಹೆಸರಿಟ್ಟರು. ಕಳೆದಾಗ ಉಳಿಯುವುದು 999 ಗುಣಿಸು ಎ-ಡಿ, ಕೂಡಿಸು 90 ಗುಣಿಸು ಬಿ-ಸಿ ಎಂದು ಕಂಡುಕೊಂಡರು. ಅಂದರೆ ಉತ್ತರ ನಾಲ್ಕು ಅಂಕಿಗಳ ಮೇಲೆ ನಿಂತಿಲ್ಲ, ಎರಡು ವ್ಯತ್ಯಾಸಗಳ ಮೇಲೆ ಮಾತ್ರ ನಿಂತಿದೆ. ಆ ವ್ಯತ್ಯಾಸಗಳ ಜೋಡಿ ಎಷ್ಟು ಎಂದು ಎಣಿಸಿದರು. ಬರೀ 54. ಸುಮಾರು ಹತ್ತು ಸಾವಿರ ಲೆಕ್ಕ 54ಕ್ಕೆ ಇಳಿಯಿತು! ಆ 54ನ್ನೂ ಕೈಯಲ್ಲೇ ಮಾಡಿ ಮುಗಿಸಿದರು. ಎಲ್ಲವೂ 6174ಕ್ಕೇ ಬಂದವು. ಇದು ಗಣಿತ ಬಲ್ಲವರಿಗೆ ಹೊಸದಲ್ಲ. ಆದರೆ ಆ ಹುಡುಗಿ ಎಲ್ಲೂ ಓದಿರಲಿಲ್ಲ. ತಾನೇ ಕೇಳಿದ ಪ್ರಶ್ನೆಗೆ ತಾನೇ ಸಾಧನೆ (ಪ್ರೂಫ್) ಬರೆದಳು. ವರ್ಷವಿಡೀ ಪಾಠದಲ್ಲಿ ಪ್ರಮೇಯ, ಸಾಧನೆ ಎಂದು ನಾನು ಹೇಳಿದ್ದು ಅವಳಿಗೆ ಅರ್ಥವಾಗಿದ್ದು ಅವತ್ತು.

ಆಮೇಲೆ ಪ್ರಶ್ನೆಗಳು ತಾವಾಗಿಯೇ ಬಂದವು. ಮೂರು ಅಂಕಿಯಾದರೆ? 495ಕ್ಕೆ ನಿಲ್ಲುತ್ತದೆ. ಎರಡು ಅಂಕಿಯಾದರೆ? ಎಲ್ಲೂ ನಿಲ್ಲುವುದಿಲ್ಲ, 9, 81, 63, 27, 45 ಎಂದು ಸುತ್ತುತ್ತಲೇ ಇರುತ್ತದೆ. ಐದು ಅಂಕಿಗೆ ಹೋದಾಗ ಕೈ ಲೆಕ್ಕ ಸಾಲಲಿಲ್ಲ. ಒಬ್ಬ ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದ. ಮೂರು ಬೇರೆ ಬೇರೆ ಸುತ್ತುಗಳು ಸಿಕ್ಕವು. ಒಬ್ಬಳು, ನಾವು ಹತ್ತರ ಬದಲು ಐದರ ಆಧಾರದಲ್ಲಿ ಎಣಿಸುವವರಾಗಿದ್ದರೆ ಏನಾಗುತ್ತಿತ್ತು ಎಂದು ಕೇಳಿ, ಅಲ್ಲಿ 3032 ಬದಲಾಗದೆ ನಿಲ್ಲುವುದನ್ನು ತೋರಿಸಿದಳು. ಮೂರು ವಾರ ಮುಗಿದಾಗ ಅವರ ಕೈಯಲ್ಲಿ ಉತ್ತರಗಳಿಗಿಂತ ಪ್ರಶ್ನೆಗಳೇ ಜಾಸ್ತಿ ಇದ್ದವು. ನನಗೆ ಬೇಕಾಗಿದ್ದೂ ಅದೇ.

ಸಂಖ್ಯಾಶಾಸ್ತ್ರದ (ಸ್ಟಾಟಿಸ್ಟಿಕ್ಸ್) ಕಥೆ ಇನ್ನೂ ಹತ್ತಿರದ್ದು. ನಮ್ಮ ಕಾಲೇಜಿನಲ್ಲಿ ಆ ವಿಷಯವೇ ಇಲ್ಲ. ಆದರೂ ತೊಗರಿ ಬೆಳೆಯುವ ಮನೆಯ ಹುಡುಗನೊಬ್ಬ, ಮಳೆಗಾಲದಲ್ಲಿ ಒಮ್ಮೆ ಮಳೆ ನಿಂತರೆ ಎಷ್ಟು ದಿನ ನಿಲ್ಲುತ್ತದೆ ಎಂದು ತಿಳಿಯಬೇಕು ಅಂದ. ಹಳೆಯ ಮಳೆ ಲೆಕ್ಕ ಸಂಪಾದಿಸಿದ. ಮೊದಲ ವಾರ ಪೂರ್ತಿ ಹೋಗಿದ್ದು ಖಾಲಿ ಮನೆಗಳ ಹಿಂದೆ. ಕೆಲವು ದಿನ 0 ಎಂದಿದೆ, ಕೆಲವು ದಿನ ಏನೂ ಬರೆದಿಲ್ಲ. ಮಳೆ ಬರಲಿಲ್ಲವೋ, ಬರೆಯುವವರು ಬರಲಿಲ್ಲವೋ? ಈ ಎರಡನ್ನೂ ಒಂದೇ ಎಂದುಕೊಂಡರೆ ಇಡೀ ಲೆಕ್ಕ ಹಾಳು. ಪುಸ್ತಕದ ಲೆಕ್ಕಗಳಲ್ಲಿ ಅಂಕಿಗಳು ತೊಳೆದಿಟ್ಟ ಹಾಗೆ ಇರುತ್ತವೆ, ಈ ಪಾಠ ಅಲ್ಲಿ ಸಿಗುವುದಿಲ್ಲ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅದು ಮಳೆಯ ದಿನ. ಅದೇ ಅಳತೆ ಹಿಡಿದು, ಇವತ್ತು ಮಳೆ ಇಲ್ಲದಿದ್ದರೆ ನಾಳೆಯೂ ಇಲ್ಲದಿರುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿದ. ಮಾರ್ಕೋವ್ ಸರಪಳಿ ಎಂಬ ಮಾತು ಅವನು ಕಲಿತದ್ದು ಹೀಗೆ. ಮನೆಗೆ ಹೋಗಿ ತಂದೆಗೆ ತೋರಿಸಿದ. ಅವರು, "ಅಷ್ಟು ಮಳಿಗೆ ಹದ ಆಗಂಗಿಲ್ಲಪ್ಪ. ಬಿತ್ತಾಕ ಹದ ಬೇಕು. ಮತ್ತ ಜೂನ್, ಜುಲೈ ಅಂತ ಯಾಕ್ ಮಾಡೀದಿ? ಮಿರಗಾ ಎಷ್ಟು, ಆರಿದ್ರಾ ಎಷ್ಟು ಅಂತ ಹೇಳು" ಎಂದರಂತೆ. ಹುಡುಗ ಮತ್ತೆ ಕೂತ. ತಿಂಗಳು ಬಿಟ್ಟು, ಮಳೆ ನಕ್ಷತ್ರಗಳ ಪ್ರಕಾರ ಹದಿಮೂರು, ಹದಿನಾಲ್ಕು ದಿನಗಳ ಗುಂಪು ಮಾಡಿದ. ಹದಕ್ಕೆ ಬೇಕಾದ ಮಳೆ ಎಷ್ಟು ಎಂದು ಊರಿನ ನಾಲ್ಕಾರು ರೈತರನ್ನು ಕೇಳಿ ಹೊಸ ಅಳತೆ ಇಟ್ಟುಕೊಂಡ. ಎಲ್ಲ ಲೆಕ್ಕ ಮತ್ತೆ ಮಾಡಿದ. ಇದು ಸಂಶೋಧನೆ ಅಲ್ಲದಿದ್ದರೆ ಮತ್ತೇನು ಸರ್?

ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ಇಲ್ಲೇ, ಹೂವಿನ ಹಡಗಲಿಯಲ್ಲಿ. 2023ರಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಾಗ ನಾವೆಲ್ಲ ನಮ್ಮವರು ಎಂದು ಹೆಮ್ಮೆಪಟ್ಟೆವು. ಜಗತ್ತಿನ ಎಲ್ಲ ಸಂಖ್ಯಾಶಾಸ್ತ್ರದ ಮಕ್ಕಳು ಓದುವ ಅವರ ಒಂದು ಫಲಿತಾಂಶ ಅಚ್ಚಾಗಿದ್ದು 1945ರಲ್ಲಿ. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಅದು ಹುಟ್ಟಿದ್ದು ಕೋಲ್ಕತ್ತದ ತರಗತಿಯಲ್ಲಿ ವಿ. ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ ಕೇಳಿದ ಪ್ರಶ್ನೆಯಿಂದ. ಕೇಳುವ ವಿದ್ಯಾರ್ಥಿ ಬೇಕು, ಉತ್ತರ ಹುಡುಕಲು ಕೂರುವ ಮೇಷ್ಟ್ರು ಬೇಕು, ಇಬ್ಬರಿಗೂ ಬಿಡುವು ಬೇಕು. ನಮ್ಮ ಸೆಮಿಸ್ಟರಿನಲ್ಲಿ ಆ ಬಿಡುವು ಎಲ್ಲಿದೆ? ಇಂಟರ್ನಲ್ಸ್, ಸೆಮಿನಾರ್, ಪರೀಕ್ಷೆ, ಮೌಲ್ಯಮಾಪನ, ಮತ್ತೆ ಹೊಸ ಸೆಮಿಸ್ಟರ್. ಪ್ರಶ್ನೆ ಕೇಳಿದ ಮಗುವಿಗೆ "ಸಿಲಬಸ್ ಮುಗಿಸೋಣ, ಆಮೇಲೆ ನೋಡೋಣ" ಎಂದು ನಾನೇ ಎಷ್ಟು ಸಲ ಹೇಳಿದ್ದೇನೋ.

ಹೊರಗಿನವರು ಇದನ್ನು ಬಹಳ ಹಿಂದೆಯೇ ಅರಿತುಕೊಂಡರು. ಅಮೆರಿಕದ ಮಿನ್ನೆಸೋಟದ ಡುಲೂತ್‌ನಲ್ಲಿ ಜೋಸೆಫ್ ಗ್ಯಾಲಿಯನ್ ಎಂಬ ಪ್ರೊಫೆಸರ್ 1977ರಲ್ಲೇ ಪದವಿ ಮಕ್ಕಳಿಗೆ ಗಣಿತದ ಬೇಸಿಗೆ ಸಂಶೋಧನೆ ಶುರು ಮಾಡಿದರು. ನಮ್ಮ ದೇಶವೂ ಸುಮ್ಮನೆ ಕೂತಿಲ್ಲ. ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಪ್ರತಿ ವರ್ಷ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಆ ಮೂರರಲ್ಲಿ ಒಂದು, ರಾಮನ್ ಅವರು 1934ರಲ್ಲಿ ಕಟ್ಟಿದ ಅಕಾಡೆಮಿ, ಬೆಂಗಳೂರಿನಲ್ಲೇ ಇದೆ. ಪ್ರೊಫೆಸರ್ ಕುಮರೇಶನ್ ಅವರು 1993ರಲ್ಲಿ ಶುರು ಮಾಡಿದ ಎಂಟಿಟಿಎಸ್ ಎಂಬ ಗಣಿತ ತರಬೇತಿಯ ಬೇಸಿಗೆ ಶಿಬಿರ ಎಷ್ಟೋ ಸಣ್ಣ ಊರಿನ ಮಕ್ಕಳಿಗೆ ಗಣಿತದಲ್ಲಿ ಯೋಚಿಸುವುದನ್ನು ಕಲಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆ, ಮೈಸೂರು ರಸ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ, ಟಾಟಾ ಸಂಸ್ಥೆಯ ಗಣಿತ ಕೇಂದ್ರ, ಎಲ್ಲವೂ ನಮ್ಮ ರಾಜಧಾನಿಯಲ್ಲಿವೆ. ಬೇರೆ ರಾಜ್ಯಗಳ ಮಕ್ಕಳು ಬೇಸಿಗೆಯಲ್ಲಿ ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ಒಂದು ರಾತ್ರಿಯ ಬಸ್ಸಿನಷ್ಟು ದೂರದಲ್ಲಿರುವ ನಮ್ಮ ಮಕ್ಕಳು ಆ ಹೊತ್ತಿಗೆ ಹಾಲ್ ಟಿಕೆಟಿಗೆ ಕಾಯುತ್ತಿರುತ್ತಾರೆ.

ಈಗ ಇನ್ನೊಂದು ಕಾರಣಕ್ಕೂ ಈ ಪತ್ರ ಬರೆಯುತ್ತಿದ್ದೇನೆ. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು. ಅದರ ನಾಲ್ಕನೇ ವರ್ಷದಲ್ಲಿ ಸಂಶೋಧನೆಗೆ ಒಂದು ಜಾಗ ಇತ್ತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಬಡ ಮಕ್ಕಳಿಗೆ ಒಂದು ವರ್ಷ ಉಳಿಯುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಜಾಗವೂ ಹೋದ ಮೇಲೆ ಪದವಿ ಮಕ್ಕಳಿಗೆ ಸಂಶೋಧನೆಯ ರುಚಿ ಸಿಗುವ ಬಾಗಿಲು ಬೇಸಿಗೆ ಒಂದೇ. ಮೂರು ವರ್ಷದಲ್ಲಿ ಬರುವ ಬೇಸಿಗೆ ಎರಡೇ ಎರಡು. ಮೊದಲನೆಯದಕ್ಕೆ ಮಕ್ಕಳು ಇನ್ನೂ ತಯಾರಿರುವುದಿಲ್ಲ. ಉಳಿದದ್ದು ಒಂದು.

ಹಾಗಾಗಿ ನನ್ನ ಮೊದಲ ಕೋರಿಕೆ ಅತಿ ಮುಖ್ಯವಾದದ್ದು. ನಾಲ್ಕನೇ ಸೆಮಿಸ್ಟರಿನ ಪರೀಕ್ಷೆಯನ್ನು ಮೇ ಮಧ್ಯದೊಳಗೆ ಮುಗಿಸಿ, ಅಲ್ಲಿಂದ ಎಂಟು ವಾರ ಯಾವ ಪರೀಕ್ಷೆಯನ್ನೂ ಇಡಬೇಡಿ. ಶೈಕ್ಷಣಿಕ ವರ್ಷ ಶುರುವಾಗುವಾಗಲೇ ಅದನ್ನು ಪ್ರಕಟಿಸಿ. ತಪ್ಪಿಸಲಾಗದ ಕಾರಣಕ್ಕೆ ಮುಂದೂಡಬೇಕಾಗಿ ಬಂದರೆ, ಆಯ್ಕೆ ಪತ್ರ ಇರುವ ಮಕ್ಕಳಿಗೆ ಆಮೇಲೆ ವಿಶೇಷ ಪರೀಕ್ಷೆ ಬರೆಯಲು ಅವಕಾಶ ಕೊಡಿ. ಕ್ರೀಡೆಗೆ, ಎನ್‌ಸಿಸಿಗೆ ಹೋದ ಮಕ್ಕಳಿಗೆ ಹಾಜರಾತಿಯಲ್ಲಿ ವಿನಾಯಿತಿ ಕೊಡುತ್ತೇವೆ, ಅದು ಸರಿಯೇ. ಗಣಿತಕ್ಕೆ ಹೋದ ಮಗುವೂ ನಿಮ್ಮ ವಿಶ್ವವಿದ್ಯಾಲಯದ ಹೆಸರು ಹೊತ್ತುಕೊಂಡೇ ಹೋಗಿರುತ್ತದೆ ಅಲ್ವಾ?

ಬೇಸಿಗೆಯ ಪ್ರಾಜೆಕ್ಟಿಗೆ ಅರ್ಜಿ ಹಾಕುವುದು ಚಳಿಗಾಲದಲ್ಲಿ. ಆ ಹೊತ್ತಿಗೆ ಎರಡನೇ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಕೂಡ ನಮ್ಮ ಮಕ್ಕಳ ಕೈಗೆ ಬಂದಿರುವುದಿಲ್ಲ. ಕಾಲೇಜಿನ ಪ್ರಾಂಶುಪಾಲರು ಸಹಿ ಮಾಡಿದ ಅಂಕಪಟ್ಟಿಯನ್ನೇ ಅಧಿಕೃತ ಎಂದು ಒಪ್ಪುವಂತೆ ಒಂದು ಪತ್ರ ಕೊಟ್ಟರೂ ಸಾಕು.

ಎಲ್ಲ ಮಕ್ಕಳೂ ಬೆಂಗಳೂರಿಗೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಕೆಲವರ ಮನೆಯಲ್ಲಿ ಹೆಣ್ಣುಮಕ್ಕಳನ್ನು ಎರಡು ತಿಂಗಳು ದೂರ ಕಳಿಸುವುದಿಲ್ಲ, ಕೆಲವರು ಬೇಸಿಗೆಯಲ್ಲಿ ದುಡಿಯಲೇಬೇಕು. ಅಂಥವರಿಗೆ ಕಾಲೇಜಿನಲ್ಲೇ ಪ್ರಾಜೆಕ್ಟ್ ನಡೆಯಬೇಕು. ಗಣಿತಕ್ಕೆ ಲ್ಯಾಬ್ ಬೇಡ. ಆರ್, ಪೈಥಾನ್, ಜಿಯೋಜೀಬ್ರಾದಂಥ ಸಾಫ್ಟ್‌ವೇರ್‌ಗಳು ಪುಕ್ಕಟೆ ಸಿಗುತ್ತವೆ. ಬೇಕಾಗಿರುವುದು ಬೀಗ ತೆಗೆದ ಗ್ರಂಥಾಲಯ, ನಡೆಯುವ ನಾಲ್ಕು ಕಂಪ್ಯೂಟರ್, ಜೊತೆಗೆ ಕೂರುವ ಮೇಷ್ಟ್ರು. ಈ ಕೊನೆಯದೇ ಕಷ್ಟ. ನಮ್ಮ ಕಾಲೇಜುಗಳಲ್ಲಿ ಗಣಿತ ಕಲಿಸುವವರಲ್ಲಿ ಎಷ್ಟೋ ಜನ ಅತಿಥಿ ಉಪನ್ಯಾಸಕರು. ಸೆಮಿಸ್ಟರ್ ಮುಗಿದರೆ ಅವರ ಕೆಲಸವೂ ನಿಲ್ಲುತ್ತದೆ, ಸಂಬಳವೂ ನಿಲ್ಲುತ್ತದೆ. ಮಳೆ ಲೆಕ್ಕದ ಹುಡುಗನಿಗೆ ಮೂರು ವಾರ ಸಂಖ್ಯಾಶಾಸ್ತ್ರ ಹೇಳಿಕೊಟ್ಟವರು ಅಂಥ ಒಬ್ಬ ಅತಿಥಿ ಉಪನ್ಯಾಸಕರೇ. ಬಸ್ ಚಾರ್ಜ್ ಕೂಡ ಕೈಯಿಂದ ಹಾಕಿಕೊಂಡು ದಿನಾ ಬಂದರು. ಅವರ ಒಳ್ಳೆಯತನದ ಮೇಲೆ ಒಂದು ವ್ಯವಸ್ಥೆ ನಡೆಯಬಾರದು. ಬೇಸಿಗೆಯಲ್ಲಿ ಗೈಡ್ ಮಾಡಿದ ವಾರಗಳಿಗೆ ಅವರಿಗೆ ಗೌರವಧನ ಸಿಗಲೇಬೇಕು. ಇದಕ್ಕೆ ವಿಶ್ವವಿದ್ಯಾಲಯ ತನ್ನ ನಿಧಿಯಿಂದ ಕೊಡಬಹುದು, ಸರ್ಕಾರವನ್ನೂ ನೀವು ಕೇಳಬಹುದು. ನಾವು ಕೇಳಿದರೆ ಆಗದ್ದು ನೀವು ಕೇಳಿದರೆ ಆಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಇರಲಿ ಎಂದು ಬೇಡಿಕೊಳ್ಳುತ್ತೇನೆ. ದಯವಿಟ್ಟು ಇದನ್ನು ಕಡ್ಡಾಯ ಮಾಡಬೇಡಿ, ಅಂಕ ಇಡಬೇಡಿ. ಕಡ್ಡಾಯ ಮಾಡಿದ ಮರುದಿನವೇ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿದ ಪ್ರಾಜೆಕ್ಟುಗಳು ಸಾಲಾಗಿ ಕೂತಿರುತ್ತವೆ. ಬೇರೆ ವಿಷಯಗಳಲ್ಲಿ ಇದನ್ನು ನೋಡಿದ್ದೇನೆ. ಹೆಸರು ಬದಲಿಸಿ ಒಂದೇ ವರದಿಯನ್ನು ಹನ್ನೊಂದು ಮಕ್ಕಳು ಕೊಟ್ಟಿದ್ದರು. ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಮನಸ್ಸಿದ್ದವರು ಬರಲಿ. ನಮ್ಮ ಕಾಲೇಜಿನಲ್ಲಿ ಆರೇ ಜನ ಬಂದಿದ್ದರು, ಆರೂ ಜನ ಕೊನೆಯವರೆಗೆ ಕೂತಿದ್ದರು.

ಬೆಂಗಳೂರಿನ ಸಂಶೋಧನಾ ಸಂಸ್ಥೆಗಳ ಹಿರಿಯರು ಈ ಪತ್ರ ಓದಿದರೆ ಅವರಿಗೂ ಒಂದು ಮಾತು. ನಮ್ಮ ಮಕ್ಕಳಿಗೆ ಗಣಿತ ಬರುತ್ತದೆ, ಇಂಗ್ಲಿಷಿನಲ್ಲಿ ತಮ್ಮ ಬಗ್ಗೆ ಚೆಂದ ಮಾಡಿ ಒಂದು ಪುಟ ಬರೆಯುವುದು ಬರುವುದಿಲ್ಲ. ಅವರಿಗೆ ಶಿಫಾರಸು ಪತ್ರ ಕೊಡುವ ನಮ್ಮಂಥವರ ಹೆಸರು ನಿಮಗೆ ಗೊತ್ತಿರುವುದಿಲ್ಲ. ಅರ್ಜಿಯ ಜೊತೆಗೆ ಎರಡು ಲೆಕ್ಕ ಕೊಟ್ಟು, ಯಾವ ಭಾಷೆಯಲ್ಲಾದರೂ ಬಿಡಿಸಿ ಕಳಿಸಿ ಎಂದು ಕೇಳಿ ನೋಡಿ. ವರ್ಷಕ್ಕೊಮ್ಮೆ ಕಲಬುರಗಿಗೋ ಬಳ್ಳಾರಿಗೋ ರಾಯಚೂರಿಗೋ ಬಂದು ಒಂದು ದಿನ ಮಕ್ಕಳ ಜೊತೆ ಬೋರ್ಡಿನ ಮುಂದೆ ನಿಲ್ಲಿ. ನಾವು ಹಾಲ್ ಕೊಡುತ್ತೇವೆ, ಊಟ ಕೊಡುತ್ತೇವೆ, ಸುತ್ತಲಿನ ಕಾಲೇಜುಗಳ ಮಕ್ಕಳನ್ನು ಕರೆತರುತ್ತೇವೆ.

ಮಾನ್ಯರೇ, 54 ಜೋಡಿಗಳನ್ನು ಎಣಿಸಿದ ಆ ಹುಡುಗಿ ಈಗ ನಾಲ್ಕನೇ ಸೆಮಿಸ್ಟರಿನಲ್ಲಿದ್ದಾಳೆ. ಅವಳೂ ಇನ್ನೊಬ್ಬ ಹುಡುಗನೂ ಈ ಬೇಸಿಗೆಗೆ ಅರ್ಜಿ ಹಾಕಿದ್ದಾರೆ. ಅವಳ ಅರ್ಜಿಯಲ್ಲಿ "ಯಾವ ದಿನಾಂಕದಿಂದ ಬರಬಲ್ಲಿರಿ" ಎಂಬ ಒಂದು ಸಾಲು ಇತ್ತು. ಏನು ಬರೆಯಲಿ ಎಂದು ಕೇಳಿದಳು. ಪರೀಕ್ಷೆಯ ವೇಳಾಪಟ್ಟಿ ಇನ್ನೂ ಬಂದಿಲ್ಲ. ಮೇ 20 ಎಂದು ಬರೆ ಎಂದು ಹೇಳಿದ್ದೇನೆ. ನಿಮ್ಮನ್ನು ನಂಬಿ ಹೇಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ಗಣಿತ ಉಪನ್ಯಾಸಕಿ